‘ಅವರನ್ನು ನಾವು ಕಳಿಸಿಲ್ಲ’ ಎಂದು ಹೇಳಿ: ಕನ್ನಡ ಸಭೆಗಳ ಪಾಲಕರಿಗೂ ಹಿರಿಯರಿಗೂ ಒಂದು ಬಹಿರಂಗ ಪತ್ರ

ಕನ್ನಡ ಕ್ರೈಸ್ತ ಸಭೆಗಳ ಮಾನ್ಯ ಸಭಾಪಾಲಕರಿಗೆ ಮತ್ತು ಸಭಾ ಹಿರಿಯರಿಗೆ,

ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ವಂದನೆಗಳು.

ನಾನು ಗದಗಿನ ಪಕ್ಕದ ಬೆಟಗೇರಿಯವಳು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾಗಿದ್ದೇನೆ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ್ದು ಅದಕ್ಕಿಂತಲೂ ಜಾಸ್ತಿ ವರ್ಷ. ಸುವಾರ್ತೆ ಸಾರಲು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನವರು ನಮ್ಮ ಊರಿಗೆ ಕಾಲಿಟ್ಟದ್ದು 1841ರಲ್ಲಿ. ಆಮೇಲೆ ಸಭೆಗೆ ಸೇರಿದ ನೇಕಾರರ ಮನೆತನ ನಮ್ಮದು. ನಾನು ದೇವಶಾಸ್ತ್ರದ ಪದವಿ ಪಡೆದವಳಲ್ಲ. ಕನ್ನಡ ಸತ್ಯವೇದವನ್ನು ಚಿಕ್ಕಂದಿನಿಂದ ಓದಿಕೊಂಡು ಬಂದವಳು, ಅಷ್ಟೇ.

ಒಂದು ಹೊಸ ಪ್ರಾರ್ಥನಾ ಕೂಟದವರು ನನ್ನ ತಂಗಿಗೆ ಮಾಡಿದ್ದನ್ನು ಕುರಿತದ್ದು ಈ ಪತ್ರ. ಇದರಲ್ಲಿರುವುದನ್ನು ಮೊದಲು ನಾಲ್ಕು ಗೋಡೆಗಳ ಒಳಗೇ ಹೇಳಿದೆ. ಒಬ್ಬ ಹಿರಿಯರು ಕೇಳಿ ಕಣ್ಣೀರು ಹಾಕಿದರು, ಆದರೆ ಏನೂ ಮಾಡಲಿಲ್ಲ. ಇನ್ನೊಬ್ಬರು, ಕಾಲ ಸರಿಯಿಲ್ಲ, ಮನೆ ಮಾತು ಬೀದಿಗೆ ತರಬೇಡಿ ಅಂದರು. ಮತ್ತೊಬ್ಬರು, ಅವರೂ ಯೇಸುವಿನ ಹೆಸರನ್ನೇ ಹೇಳುತ್ತಾರಲ್ಲ, ಸುಮ್ನೆ ಯಾಕೆ ಜಗಳ ಅಂದರು. ಮೂವರಿಗೂ ನನ್ನ ಮೇಲೆ ಪ್ರೀತಿ ಇದೆ, ನನಗೆ ಗೊತ್ತು. ಆದರೂ ಮೂರು ಉತ್ತರಗಳೂ ತಪ್ಪು. ಯಾಕೆ ತಪ್ಪು ಎಂದು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಡೆದದ್ದನ್ನು ಮೊದಲು ಹೇಳುತ್ತೇನೆ.

ನನ್ನ ತಂಗಿಯ ಗಂಡ ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಮಣ್ಣು ಮಾಡಿದ ದಿನ ನಮ್ಮ ಸಭೆಯವರೆಲ್ಲ ಬಂದಿದ್ದರು. ಹಾಡು, ಪ್ರಾರ್ಥನೆ, ಊಟ ಎಲ್ಲ ಆಯಿತು. ಆಮೇಲೆ ಯಾರೂ ಬರಲಿಲ್ಲ. ನಾನೂ ಹದಿನೈದು ದಿನ ಇದ್ದು ವಾಪಸ್ ಬಂದೆ. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ, ಯಾಕೆಂದರೆ ಬಾಗಿಲು ತೆರೆದು ಬಿಟ್ಟವರು ನಾವೇ. ಆ ಬಾಗಿಲಿನಿಂದ ಒಳಗೆ ಬಂದದ್ದು ಅವಳ ಬಡಾವಣೆಯಲ್ಲಿ ಹೊಸದಾಗಿ ಶುರುವಾಗಿದ್ದ ಒಂದು ಪ್ರಾರ್ಥನಾ ಕೂಟ. ಅವರು ದಿನಾ ಬಂದರು. ಕೂತು ಪ್ರಾರ್ಥನೆ ಮಾಡಿದರು. ಅವಳಿಗೆ ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟರು. ಮೊದಲ ತಿಂಗಳು ಬರೀ ಪ್ರೀತಿ.

ಎರಡನೆಯ ತಿಂಗಳು ಓಲೆಯ ಮಾತು ಬಂತು. ಬಂಗಾರ ಹಾಕಿಕೊಂಡರೆ ಪರಿಶುದ್ಧಾತ್ಮ ಬರುವುದಿಲ್ಲ ಅಂದರು. ಅದು ನಮ್ಮ ಅವ್ವ ಕೊಟ್ಟ ಓಲೆ. ತೆಗೆದಳು. ಆಮೇಲೆ ಬಳೆ, ಆಮೇಲೆ ಬಣ್ಣದ ಸೀರೆ, ಆಮೇಲೆ ಟಿವಿ. ಯುಗಾದಿಗೆ ಪಕ್ಕದ ಮನೆಯವರು ಹೋಳಿಗೆ ತಂದುಕೊಟ್ಟರೆ ಬಾಗಿಲಲ್ಲೇ ವಾಪಸ್ ಕಳಿಸಿದಳು. ಇಪ್ಪತ್ತು ವರ್ಷದಿಂದ ಹಬ್ಬಕ್ಕೆ ಹೋಳಿಗೆ, ಕ್ರಿಸ್ಮಸ್ಸಿಗೆ ಕರ್ಜಿಕಾಯಿ ಅದಲು ಬದಲಾಗುತ್ತಿದ್ದ ಮನೆಗಳು ಅವು. ಆ ವರ್ಷದ ಕ್ರಿಸ್ಮಸ್ಸಿಗೆ ನಮ್ಮ ಮನೆಗೆ ಬಂದಳು. ಆದರೆ ಊಟಕ್ಕೆ ಕೂರಲಿಲ್ಲ. ನಮ್ಮದು ‘ಹೆಸರಿಗೆ ಮಾತ್ರ ಕ್ರೈಸ್ತರ’ ಮನೆಯಂತೆ, ನಮ್ಮ ಜೊತೆ ಉಂಡರೆ ಅವಳಿಗೆ ಬಂದ ಪರಿಶುದ್ಧಾತ್ಮನ ಅಭಿಷೇಕ ಹೋಗುತ್ತದಂತೆ. ಕೈಯಲ್ಲಿ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು.

ದಶಮಾಂಶದ ಪುಸ್ತಕವೂ ಇತ್ತು. ಅವಳಿಗೆ ಬರುವುದು ಕುಟುಂಬ ಪಿಂಚಣಿ ಮಾತ್ರ. ಅದರ ಹತ್ತರಲ್ಲಿ ಒಂದು ಪಾಲು ಪ್ರತಿ ತಿಂಗಳು ಕೊಡಬೇಕು. ತಪ್ಪಿದರೆ ಬಾಕಿ ಎಂದು ಬರೆಯುತ್ತಾರೆ, ಭಾನುವಾರ ಎಲ್ಲರ ಎದುರು ಹೆಸರು ಹಿಡಿದು ಓದುತ್ತಾರೆ. ಒಂದು ಸಲ ನಾನೇ ಅಲ್ಲಿ ಕೂತು ಕೇಳಿದೆ. ಓದುವವರ ದನಿಯಲ್ಲಿ ಸಿಟ್ಟಿರಲಿಲ್ಲ. ಶಾಲೆಯಲ್ಲಿ ನಾವು ಹಾಜರಿ ಕೂಗುತ್ತೇವಲ್ಲ, ಹಾಗೆ ಓದಿದರು. ನನ್ನ ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದಳು.

ಕೊನೆಗೆ ಮಾತ್ರೆ. ಅವಳಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. 21 ದಿನದ ಉಪವಾಸ ಪ್ರಾರ್ಥನೆ ಇಟ್ಟರು. ಮುಗಿದ ದಿನ ವೇದಿಕೆಗೆ ಕರೆದು, ನೀನು ಗುಣವಾಗಿದ್ದೀಯಾ ಎಂದು ನಂಬುತ್ತೀಯಾ ಎಂದು ಕೇಳಿದರು. ನಂಬುತ್ತೇನೆ ಅಂದಳು. ಹಾಗಾದರೆ ಮಾತ್ರೆ ಯಾಕೆ ಎಂದು ಕೇಳಿದರು. ಜನ ಚಪ್ಪಾಳೆ ಹೊಡೆದರು. ಏಳು ತಿಂಗಳು ಅವಳು ಮಾತ್ರೆ ಮುಟ್ಟಲಿಲ್ಲ, ನಮಗೆ ಹೇಳಲೂ ಇಲ್ಲ. ಸಕ್ಕರೆ ತಿಂಗಳುಗಟ್ಟಲೆ ಏರಿಕೊಂಡೇ ಇದ್ದರೆ ಪಾದದ ನರಗಳು ಮರಗಟ್ಟುತ್ತವೆ, ಗಾಯವಾದರೂ ನೋವು ತಿಳಿಯುವುದಿಲ್ಲ. ಅಲ್ಲಿಗೆ ರಕ್ತ ಸರಿಯಾಗಿ ಹೋಗದಿದ್ದರೆ ಗಾಯ ಮಾಯುವುದೂ ಇಲ್ಲ. ಚಪ್ಪಲಿ ಉಜ್ಜಿ ಆದ ಸಣ್ಣ ಗಾಯ ಕೊಳೆತು ಮೇಲೇರಿತು. ಹುಬ್ಬಳ್ಳಿಯಲ್ಲಿ ಬಲಗಾಲಿನ ಎರಡು ಬೆರಳು ತೆಗೆದರು. ಪಾದ ಉಳಿದದ್ದೇ ಹೆಚ್ಚು ಎಂದು ಡಾಕ್ಟರು ಹೇಳಿದರು.

ಆ ಕೂಟದವರು ಆಸ್ಪತ್ರೆಗೆ ಒಂದು ಸಲ ಬಂದರು. ನಿನ್ನ ನಂಬಿಕೆ ಕಡಿಮೆಯಾಯಿತು, ಇಲ್ಲವೇ ಯಾವುದೋ ಗುಪ್ತ ಪಾಪ ಇದೆ ಎಂದು ಹೇಳಿ ಹೋದರು. ಅವಳು ಈಗಲೂ ರಾತ್ರಿ ನನ್ನನ್ನು ಕೇಳುವುದು ಒಂದೇ ಮಾತು: ಅಕ್ಕಾ, ನನ್ನ ನಂಬಿಕೆ ಕಡಿಮೆ ಇತ್ತಾ?

ಮಾನ್ಯರೇ, ಆ ಕೂಟದ ಹೆಸರನ್ನೂ ಆ ಬೋಧಕರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅವರನ್ನು ಬಯಲಿಗೆಳೆಯುವುದು ನನ್ನ ಉದ್ದೇಶವಲ್ಲ. ಇಂಥದ್ದು ಒಂದೇ ಕೂಟದಲ್ಲಿ ನಡೆಯುತ್ತಿಲ್ಲ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನ ದೂರು ಇರುವುದು ನಿಮ್ಮ ಮೇಲೆ. ಕುರಿಗಳನ್ನು ನೋಡಿಕೊಳ್ಳುವ ಕೆಲಸ ನಿಮಗೆ ಕೊಟ್ಟಿತ್ತು. ತೋಳದ ಹೆಜ್ಜೆ ಕಂಡ ಮೇಲೂ ನೀವು ಕೂಗಲಿಲ್ಲ.

ಅವರೂ ಯೇಸುವಿನ ಹೆಸರು ಹೇಳುತ್ತಾರಲ್ಲ ಎಂಬ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಅಪೊಸ್ತಲ ಪೌಲ ಸುವಾರ್ತೆ ಹೇಳಿ ಹೋದ ಮೇಲೆ ಗಲಾತ್ಯ ಸೀಮೆಯ ಸಭೆಗಳಿಗೆ ಬಂದ ಬೋಧಕರೂ ಯೇಸುವನ್ನು ಬಿಡಿ ಎಂದು ಹೇಳಿರಲಿಲ್ಲ. ಯೇಸು ಬೇಕು, ಅದರ ಜೊತೆಗೆ ಸುನ್ನತಿಯೂ ಬೇಕು, ದಿನ ತಿಂಗಳುಗಳ ಆಚರಣೆಯೂ ಬೇಕು ಅಂದಿದ್ದರು. ಆ ಒಂದು ‘ಜೊತೆಗೆ’ ಎಂಬ ಮಾತಿಗೆ ಪೌಲನಿಗೆ ಎಷ್ಟು ಸಿಟ್ಟು ಬಂತೆಂದರೆ, ಕೊರಿಂಥದಂಥ ಗಲಾಟೆಯ ಸಭೆಗೆ ಬರೆಯುವಾಗಲೂ ಮೊದಲು ದೇವರಿಗೆ ಸ್ತೋತ್ರ ಹೇಳಿದವನು ಗಲಾತ್ಯದವರ ಪತ್ರದಲ್ಲಿ ಅದನ್ನೇ ಬಿಟ್ಟುಬಿಟ್ಟ. ವಂದನೆ ಮುಗಿದ ಕೂಡಲೇ ವಿಷಯಕ್ಕೆ ಬಂದ. ಪರಲೋಕದಿಂದ ದೂತನೇ ಇಳಿದು ಬಂದು ಬೇರೆ ಸುವಾರ್ತೆ ಹೇಳಿದರೂ ಅವನು ಶಾಪಗ್ರಸ್ತ ಎಂದು ಬರೆದ. ಸಾಲದು ಎಂಬಂತೆ ಅದೇ ಮಾತನ್ನು ಮರುವಾಕ್ಯದಲ್ಲಿ ಮತ್ತೆ ಬರೆದ. ಹೊರನೋಟಕ್ಕೆ ಸುನ್ನತಿಯ ಬೋಧಕರು ಕೇಳಿದ್ದು ಒಂದು ಸಣ್ಣ ಆಚಾರ, ಅಲ್ವಾ? ಒಂದು ಜೊತೆ ಓಲೆ ತೆಗೆಯುವಷ್ಟೇ ಸಣ್ಣದು ಎಂದು ಯಾರಾದರೂ ಹೇಳಬಹುದಿತ್ತು. ಪೌಲ ಹಾಗೆ ನೋಡಲಿಲ್ಲ. ಅದನ್ನು ಮಾಡಿದರೆ ಮಾತ್ರ ದೇವರು ನಿನ್ನನ್ನು ಒಪ್ಪುತ್ತಾನೆ ಎಂದು ಹೇಳಿದ ಕ್ಷಣದಲ್ಲಿ ಶಿಲುಬೆ ವ್ಯರ್ಥವಾಯಿತು ಎಂದು ಅವನು ಕಂಡ.

ಓಲೆಯ ಬಗ್ಗೆ ಒಂದು ಮಾತು ಇಲ್ಲೇ ಸ್ಪಷ್ಟ ಮಾಡುತ್ತೇನೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಟೀಚರು ಮೂವತ್ತು ವರ್ಷದಿಂದ ಒಡವೆ ಹಾಕುವುದಿಲ್ಲ. ಅದು ಅವರು ತಾವಾಗಿ ದೇವರ ಎದುರು ಮಾಡಿದ ನಿರ್ಧಾರ. ನನ್ನ ಕಿವಿಯ ಓಲೆಯನ್ನು ಅವರು ಒಂದು ದಿನವೂ ತಿರುಗಿ ನೋಡಲಿಲ್ಲ. ಅವರ ಮೇಲೆ ನನಗೆ ತುಂಬ ಗೌರವ. ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯ ಇಂಥವರಿಗಾಗಿಯೇ ಇದೆ: ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು. ಪೌಲನೂ ಹಾಗೇ ನಡೆದುಕೊಂಡ. ತನ್ನ ಜೊತೆಗಾರ, ಗ್ರೀಕನಾದ ತೀತನಿಗೆ ಸುನ್ನತಿ ಆಗಲೇಬೇಕು ಎಂದು ಒತ್ತಾಯ ಬಂದಾಗ ಒಂದು ಗಳಿಗೆಯೂ ಬಗ್ಗಲಿಲ್ಲ. ಅದೇ ಪೌಲ, ಯೆಹೂದ್ಯರ ನಡುವೆ ಸೇವೆಗೆ ತೊಡಕಾಗಬಾರದು ಎಂದು ಇನ್ನೊಬ್ಬ ಜೊತೆಗಾರ ತಿಮೊಥೆಯನಿಗೆ ತಾನೇ ಸುನ್ನತಿ ಮಾಡಿಸಿದ. ಆಚಾರ ಒಂದೇ. ಒಂದು ಕಡೆ ಪ್ರೀತಿಯಿಂದ ಮಾಡಿದ್ದು, ಇನ್ನೊಂದು ಕಡೆ ರಕ್ಷಣೆಗೆ ಷರತ್ತು ಎಂದು ಕೇಳಿದ್ದು. ಹಾಗಾಗಿ ಒಡವೆ ಬಿಟ್ಟವರ ಮೇಲೆ, ಉಪವಾಸ ಮಾಡುವವರ ಮೇಲೆ, ಕೈತುಂಬ ಕಾಣಿಕೆ ಕೊಡುವವರ ಮೇಲೆ ನನ್ನ ದೂರಿಲ್ಲ. ಇದೇ ಬಾಗಿಲು, ಇದರಲ್ಲಿ ಬಂದರೆ ಮಾತ್ರ ಒಳಗೆ ಎನ್ನುವವರ ಮೇಲೆ ದೂರು.

ಈಗ ಊಟದ ವಿಷಯ. ನಮ್ಮ ಹಿರಿಯರಿಗೆ ಪಂಕ್ತಿಭೇದ ಅಂದರೆ ಏನೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ದೂರದಲ್ಲಿ ಕೂತು, ಮೇಲಿನಿಂದ ಎಲೆಗೆ ಹಾಕಿಸಿಕೊಂಡು ಉಂಡವರು ಅವರಲ್ಲಿ ಎಷ್ಟೋ ಜನ. ಸಭೆಗೆ ಸೇರುವವರು ಜಾತಿ ಬಿಡಬೇಕು ಎಂದು ಬಾಸೆಲ್ ಮಿಷನ್ ಗಟ್ಟಿಯಾಗಿ ಹಿಡಿದಿತ್ತು. ಸೇರಿದವರಿಗೆ ಊರಿನ ಕೆಲಸ ತಪ್ಪಿಹೋಗುತ್ತಿತ್ತು. ಅದಕ್ಕೇ ಮಗ್ಗಗಳು ಬಂದವು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಕೆಲಸ ಕಳೆದುಕೊಂಡು, ನೆಂಟರನ್ನು ಕಳೆದುಕೊಂಡು, ಅವರು ಗಳಿಸಿದ್ದು ಒಂದೇ ಸಾಲಿನಲ್ಲಿ ಕೂತು ಉಣ್ಣುವ ಹಕ್ಕು. ನಮ್ಮ ಅಜ್ಜಿ ಪ್ರಭುಭೋಜನದ ಭಾನುವಾರ ಬೆಳಿಗ್ಗೆಯೇ ಎದ್ದು ತಲೆಗೆ ಎರೆದುಕೊಂಡು ಸಿದ್ಧವಾಗುತ್ತಿದ್ದಳು. ಅಲ್ಲಿ ಎಲ್ಲರೂ ಕುಡಿಯುವ ಆ ಒಂದೇ ಬಟ್ಟಲು ಅವಳಿಗೆ ಎಷ್ಟು ದೊಡ್ಡದಾಗಿತ್ತು ಎಂದು ನನಗೆ ಈಗ ಅರ್ಥವಾಗುತ್ತದೆ.

ಹಿಂದೆ ಅಂತಿಯೋಕ್ಯ ಪಟ್ಟಣದ ಸಭೆಯಲ್ಲಿ ನಡೆದದ್ದೂ ಪಂಕ್ತಿಭೇದವೇ. ಯೇಸುವಿನ ಶಿಷ್ಯ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ, ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದ ಕೂಡಲೇ ಅವರಿಗೆ ಹೆದರಿ ಪಂಕ್ತಿಯಿಂದ ಎದ್ದ. ಮಿಕ್ಕ ಯೆಹೂದ್ಯರೂ ಎದ್ದರು. ಒಳ್ಳೆಯವನಾದ ಬಾರ್ನಬನೂ ಎದ್ದ. ಅಲ್ಲಿ ಯಾರೂ ಬಾಯಿಬಿಟ್ಟು ಸುಳ್ಳು ಬೋಧನೆ ಮಾಡಿದಂತೆ ಕಾಣುವುದಿಲ್ಲ. ಒಂದು ತಟ್ಟೆ ಈ ಕಡೆಯಿಂದ ಆ ಕಡೆಗೆ ಹೋಯಿತು, ಅಷ್ಟೇ. ಆದರೂ ಪೌಲ ಪೇತ್ರನಂಥ ಪೇತ್ರನನ್ನು ಎಲ್ಲರ ಮುಂದೆ ಕೇಳಿದ. ಅವರು ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯುತ್ತಿಲ್ಲ ಎಂದು ಅವನು ಕಂಡಿದ್ದ. ಪಕ್ಕಕ್ಕೆ ಕರೆದು ಹೇಳಲಿಲ್ಲ. ತಪ್ಪು ಎಲ್ಲರ ಎದುರು ಆಗಿತ್ತು, ಅದನ್ನು ನೋಡಿ ಹಲವರು ಎದ್ದು ಹೋಗಿದ್ದರು, ಆದ್ದರಿಂದ ಮಾತೂ ಎಲ್ಲರ ಎದುರೇ ಆಯಿತು. ಮನೆ ಮಾತು ಬೀದಿಗೆ ತರಬೇಡಿ ಎಂದ ಹಿರಿಯರಿಗೆ ಇದೇ ನನ್ನ ಉತ್ತರ. ಕಾಲ ಸರಿಯಿಲ್ಲ ಎಂಬುದು ನನಗೂ ಗೊತ್ತು. ಪ್ರಾರ್ಥನೆಗೆ ಸೇರಿದ್ದಕ್ಕೇ ಜನ ಅನುಮಾನದಿಂದ ನೋಡುವ ದಿನಗಳಿವು. ಆದರೆ ಹೊರಗಿನ ಭಯಕ್ಕೆ ಒಳಗಿನ ಗಾಯ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ನನ್ನ ತಂಗಿಯ ಪಾದದಲ್ಲಿ ನೋಡಿದ್ದೇನೆ.

ಕೂಟದವರು ಅವಳನ್ನು ನಮ್ಮಿಂದ ಯಾಕೆ ಬೇರೆ ಮಾಡಿದರು ಎಂದು ಬಹಳ ದಿನ ಯೋಚಿಸಿದೆ. ಉತ್ತರ ಗಲಾತ್ಯದವರ ಪತ್ರದ 4ನೆಯ ಅಧ್ಯಾಯದಲ್ಲಿ ಸಿಕ್ಕಿತು. ಅವರು ನಿಮ್ಮ ಮೇಲೆ ಬಹಳ ಆಸಕ್ತಿ ತೋರಿಸುತ್ತಾರೆ, ಆದರೆ ಒಳ್ಳೆಯದಕ್ಕಲ್ಲ, ನಿಮ್ಮನ್ನು ಬೇರೆ ಮಾಡಿ ನೀವು ತಮ್ಮ ಹಿಂದೆಯೇ ಬರಲಿ ಎಂದು. ಪೌಲ ಹೇಳುವುದರ ಭಾವ ಇದು. ಮೊದಲ ತಿಂಗಳ ಗಂಜಿಯನ್ನೂ ಆಮೇಲೆ ತಪ್ಪಿದ ನಮ್ಮ ಕ್ರಿಸ್ಮಸ್ ಊಟವನ್ನೂ ಈ ಒಂದು ವಚನ ಒಟ್ಟಿಗೆ ತೋರಿಸಿಬಿಟ್ಟಿತು.

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ನಾನು ಅದನ್ನು ಎಷ್ಟೋ ಸಲ ಓದಿಯೂ ಗಮನಿಸಿರಲಿಲ್ಲ. ಪೌಲ ಗಲಾತ್ಯದವರಿಗೆ ಮೊದಲು ಸುವಾರ್ತೆ ಹೇಳಿದ್ದು ಯಾಕೆ? ಅವನಿಗೆ ಮೈಯಲ್ಲಿ ಹುಷಾರಿರಲಿಲ್ಲ, ಅದಕ್ಕೆ! ಶರೀರದ ಅಸ್ವಸ್ಥತೆಯ ದೆಸೆಯಿಂದಲೇ ನಿಮಗೆ ಸುವಾರ್ತೆ ಹೇಳುವಂತಾಯಿತು ಎಂದು ಅವನೇ ನೆನಪು ಮಾಡುತ್ತಾನೆ. ನನ್ನ ಕಾಯಿಲೆ ನಿಮಗೆ ಪರೀಕ್ಷೆಯಂತಿದ್ದರೂ ನೀವು ನನ್ನನ್ನು ತಿರಸ್ಕರಿಸಲಿಲ್ಲ, ದೇವದೂತನನ್ನು ಸೇರಿಸಿಕೊಂಡಂತೆ ಸೇರಿಸಿಕೊಂಡಿರಿ, ಸಾಧ್ಯವಿದ್ದರೆ ನಿಮ್ಮ ಕಣ್ಣುಗಳನ್ನೇ ಕಿತ್ತು ಕೊಡುತ್ತಿದ್ದಿರಿ ಎನ್ನುತ್ತಾನೆ. ಆ ದಿನ ಅಲ್ಲಿ ನಮ್ಮ ಕಾಲದ ಒಬ್ಬ ಬೋಧಕ ಇದ್ದಿದ್ದರೆ ಪೌಲನನ್ನು ವೇದಿಕೆಗೆ ಕರೆದು, ನಿನಗೆ ನಂಬಿಕೆ ಇದ್ದರೆ ಕಾಯಿಲೆ ಯಾಕೆ ಎಂದು ಕೇಳಿರುತ್ತಿದ್ದ.

ತಿಮೊಥೆಯನಿಗೆ ಆಗಾಗ ಹುಷಾರು ತಪ್ಪುತ್ತಿತ್ತು. ಬರೀ ನೀರು ಕುಡಿಯಬೇಡ, ಹೊಟ್ಟೆಗೋಸ್ಕರ ಸ್ವಲ್ಪ ದ್ರಾಕ್ಷಾರಸವನ್ನೂ ತೆಗೆದುಕೋ ಎಂದು ಪೌಲ ಬರೆದ. ಆ ಕಾಲದ ಮದ್ದು ಅದು. ಜೊತೆಗಾರ ತ್ರೊಫಿಮನನ್ನು ಮಿಲೇತ ಎಂಬ ಊರಿನಲ್ಲಿ ಕಾಯಿಲೆಯಲ್ಲೇ ಬಿಟ್ಟು ಬರಬೇಕಾಯಿತು. ತನ್ನ ಶರೀರದ ಶೂಲ ತೆಗೆಯಲಿ ಎಂದು ಪೌಲ ಮೂರು ಸಲ ಬೇಡಿಕೊಂಡ. ಶೂಲ ಹೋಗಲಿಲ್ಲ, ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ಲೂಕನನ್ನು ಅವನು ಪ್ರಿಯ ವೈದ್ಯ ಎಂದು ಕರೆದ. ಕುರುಡನಾಗಿ ಹುಟ್ಟಿದವನನ್ನು ನೋಡಿ, ಪಾಪ ಮಾಡಿದವರು ಯಾರು ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದು ಯೇಸು ಹೇಳಿದ. ನನ್ನ ತಂಗಿಗೆ ಇದನ್ನು ಯಾರು ಹೇಳಬೇಕಿತ್ತು? ಬೆಟಗೇರಿಯಲ್ಲಿ ಮಿಷನ್ನಿನವರು ಕಟ್ಟಿದ ಆಸ್ಪತ್ರೆಯನ್ನು ಹಳಬರು ಈಗಲೂ ಜರ್ಮನ್ ದವಾಖಾನೆ ಎನ್ನುತ್ತಾರೆ. ನಮಗೆ ಪ್ರಾರ್ಥನೆ ಕಲಿಸಿದ ಕೈಗಳೇ ಆ ದವಾಖಾನೆಯನ್ನೂ ಕಟ್ಟಿದವು. ಪ್ರಾರ್ಥನೆಯೂ ಮಾತ್ರೆಯೂ ಒಂದಕ್ಕೊಂದು ಜಗಳವಾಡುತ್ತವೆ ಎಂದು ನಮಗೆ ಯಾವತ್ತೂ ಅನ್ನಿಸಿರಲಿಲ್ಲ. ನಾನು ಪ್ರಾರ್ಥನೆಯಿಂದ ಗುಣವಾಗುತ್ತದೆ ಎಂದು ನಂಬುವವಳೇ. ಆದರೆ ಒಬ್ಬ ವಿಧವೆಯ ಕೈಯಿಂದ ಮಾತ್ರೆ ಕಿತ್ತುಕೊಂಡು, ಪಾದ ಕೊಳೆತಾಗ ಅವಳ ಮೇಲೆಯೇ ತಪ್ಪು ಹೊರಿಸುವುದಕ್ಕೆ ನಂಬಿಕೆ ಎಂದು ಹೆಸರಿಡುವುದನ್ನು ಒಪ್ಪಲಾರೆ.

ವಿಧವೆ ಎಂದೆ. ದಶಮಾಂಶದ ಮಾತಿಗೂ ಇಲ್ಲಿಂದಲೇ ಬರಬೇಕು. ಆ ಪುಸ್ತಕ ಓದುವ ಮೊದಲು ಅವರು ಪ್ರತಿ ವಾರ ಮಲಾಕಿಯ 3ನೆಯ ಅಧ್ಯಾಯ ಓದುತ್ತಾರೆ. ದಶಮಾಂಶ ತರದಿದ್ದವರು ದೇವರಿಂದ ಕದ್ದವರು, ಶಾಪಗ್ರಸ್ತರು ಎಂಬ ಭಾಗ. ಅದೇ ಅಧ್ಯಾಯದಲ್ಲಿ ಕೆಲವೇ ವಚನ ಮೇಲೆ ಹೋದರೆ, 5ನೆಯ ವಚನದಲ್ಲಿ, ಕೂಲಿಯವನ ಕೂಲಿ ಹಿಡಿಯುವವರಿಗೆ, ವಿಧವೆಯನ್ನೂ ತಬ್ಬಲಿಯನ್ನೂ ಹಿಂಸಿಸುವವರಿಗೆ ವಿರುದ್ಧವಾಗಿ ನಾನೇ ಸಾಕ್ಷಿಯಾಗಿ ಬರುತ್ತೇನೆ ಎಂದು ದೇವರು ಹೇಳುತ್ತಾನೆ. ಅದನ್ನು ಯಾರೂ ಓದಿದ್ದು ನಾನು ಕೇಳಿಲ್ಲ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯ ನೋಡಿ. ಮೂರು ವರ್ಷಕ್ಕೊಮ್ಮೆ ದಶಮಾಂಶವನ್ನು ಊರಿನಲ್ಲೇ ಕೂಡಿಡಬೇಕು. ಯಾರಿಗೆ? ಲೇವಿಯರಿಗೆ, ಪರದೇಶದವರಿಗೆ, ತಾಯಿತಂದೆ ಇಲ್ಲದವರಿಗೆ, ವಿಧವೆಯರಿಗೆ. ಅವರು ಬಂದು ಹೊಟ್ಟೆತುಂಬ ಉಣ್ಣಲಿ ಎಂದು. ವಿಧವೆಗೆ ಕೊಡಬೇಕಾದ ಪಾಲನ್ನು ವಿಧವೆಯಿಂದಲೇ ವಸೂಲಿ ಮಾಡಿ, ಬಾಕಿಯಾದರೆ ಅವಳ ಹೆಸರು ಕೂಗುವುದನ್ನು ಯಾವ ಶಾಸ್ತ್ರ ಕಲಿಸಿತು?

ಎರಡು ಕಾಸು ಹಾಕಿದ ಬಡ ವಿಧವೆಯ ಕಥೆಯನ್ನೂ ಹೇಳುತ್ತಾರೆ, ಅವಳಂತೆ ನೀವೂ ಎಲ್ಲವನ್ನೂ ಕೊಡಿ ಎಂದು. ಮಾರ್ಕನ 12ನೆಯ ಅಧ್ಯಾಯದಲ್ಲಿ ಆ ಕಥೆಗೆ ತಾಗಿಕೊಂಡೇ ಅದರ ಮೇಲೆ ಏನಿದೆ? ನಿಲುವಂಗಿ ತೊಟ್ಟು, ಮುಂದಿನ ಪೀಠಗಳಲ್ಲಿ ಕೂತು, ವಿಧವೆಯರ ಮನೆಗಳನ್ನು ನುಂಗಿ, ನೋಡುವವರಿಗಾಗಿ ಉದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ಬಗ್ಗೆ ಎಚ್ಚರವಾಗಿರಿ ಎಂಬ ಮಾತಿದೆ. ಅದಾದ ಮೇಲೆ ಯೇಸು ಬೊಕ್ಕಸದ ಎದುರು ಕೂತ. ಅಲ್ಲಿಗೆ ಆ ವಿಧವೆ ಬಂದಳು. ಎರಡನ್ನೂ ಸೇರಿಸಿ ಓದಿದ ಮೇಲೆ ಆ ಕಥೆಯನ್ನು ಹಣ ಕೇಳುವುದಕ್ಕೆ ಬಳಸಲು ನನಗೆ ನಾಲಿಗೆ ಏಳುವುದಿಲ್ಲ.

ಇಷ್ಟು ಹೇಳಿ, ನಮ್ಮ ಹಳೆಯ ಸಭೆಗಳನ್ನು ಬಿಟ್ಟುಬಿಟ್ಟರೆ ಅನ್ಯಾಯವಾಗುತ್ತದೆ. ಆ ಕೂಟದಲ್ಲಿ ಬಾಕಿ ಓದಿದರು ಎಂದು ದೂರುವ ನಾವೇ, ಚಂದಾ ಬಾಕಿ ಇದೆ ಎಂದು ಒಬ್ಬ ಕೂಲಿಕಾರನ ಹೆಣವನ್ನು ಸಭೆಯ ಸಮಾಧಿ ಸ್ಥಳದ ಗೇಟಿನಲ್ಲಿ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವನ ಹೆಂಡತಿ ಪಕ್ಕದವರಿಂದ ದುಡ್ಡು ಕಡ ತಂದು ರಸೀದಿ ಮಾಡಿಸಿದ ಮೇಲೆ ಗೇಟು ತೆರೆಯಿತು. ಆವತ್ತು ಅಲ್ಲಿದ್ದ ನಾವು ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅದು ನಿಯಮಾವಳಿಯಲ್ಲಿದೆ ಎಂದು ಒಬ್ಬರು ಹೇಳಿದರು. ಹೊರಲಾರದ ಭಾರವನ್ನು ಜನರ ಹೆಗಲ ಮೇಲೆ ಹೊರಿಸಿ, ತಾವು ಬೆರಳನ್ನೂ ತಾಗಿಸದವರು ಎಂದು ಯೇಸು ಹೇಳಿದ್ದು ಬರೀ ಹೊಸ ಕೂಟಗಳಿಗೆ ಅಲ್ಲ. ನಮ್ಮ ಮನೆಯ ನೊಗವನ್ನು ಇಳಿಸದೆ ಪಕ್ಕದ ಮನೆಯ ನೊಗದ ಬಗ್ಗೆ ಮಾತಾಡಿದರೆ ಯಾರು ಕೇಳುತ್ತಾರೆ?

ಸ್ವಾತಂತ್ರ್ಯ ಎಂದು ಹೇಳಿಕೊಟ್ಟರೆ ಹುಡುಗರು ಹಾಳಾಗುತ್ತಾರೆ ಎಂಬ ಹೆದರಿಕೆ ನಿಮ್ಮಲ್ಲಿ ಕೆಲವರಿಗಿದೆ. ಪೌಲ ಅದಕ್ಕೂ ಉತ್ತರ ಕೊಟ್ಟಿದ್ದಾನೆ. ಈ ಸ್ವಾತಂತ್ರ್ಯ ಮನಸ್ಸಿಗೆ ಬಂದಂತೆ ನಡೆಯುವುದಕ್ಕಲ್ಲ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡುವುದಕ್ಕೆ. ಅದನ್ನು ಕಲಿಸುವುದು ಕಷ್ಟದ ಕೆಲಸ, ಒಪ್ಪುತ್ತೇನೆ. ಇದು ಮುಟ್ಟಬೇಡ, ಅದು ರುಚಿ ನೋಡಬೇಡ ಎಂದು ಪಟ್ಟಿ ಹಾಕುವುದು ಸುಲಭ. ಮೂವತ್ತೊಂದು ವರ್ಷ ಮಕ್ಕಳ ಜೊತೆ ಇದ್ದವಳು ನಾನು. ಬೆತ್ತಕ್ಕೆ ಹೆದರಿ ಸುಮ್ಮನಿರುವ ತರಗತಿಗೂ ಪಾಠ ಹತ್ತಿ ಸುಮ್ಮನಿರುವ ತರಗತಿಗೂ ಇರುವ ವ್ಯತ್ಯಾಸ ನನಗೆ ಗೊತ್ತು. ಕೊಲೊಸ್ಸೆಯವರಿಗೆ ಬರೆಯುವಾಗ ಪೌಲ, ಇಂಥ ಕಟ್ಟಳೆಗಳು ನೋಡುವುದಕ್ಕೆ ಜ್ಞಾನದಂತೆ ಕಂಡರೂ ಶರೀರದ ಆಸೆಗಳನ್ನು ತಡೆಯಲು ಪ್ರಯೋಜನಕ್ಕೆ ಬರುವುದಿಲ್ಲ ಎಂದು ಹೇಳಿಯೇ ಬಿಟ್ಟಿದ್ದಾನೆ.

ಹಾಗಾದರೆ ನಿಮ್ಮಿಂದ ನಾನು ಕೇಳುವುದೇನು?

ಮೊದಲನೆಯದು, ಒಂದು ಪತ್ರ. ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ ಇದೇ ತಕರಾರು ಯೆರೂಸಲೇಮಿಗೆ ಹೋಯಿತು. ಸುನ್ನತಿ ಇಲ್ಲದೆ ರಕ್ಷಣೆ ಇಲ್ಲ ಎಂದು ಕೆಲವರು ಅಂತಿಯೋಕ್ಯದಲ್ಲಿ ಬೋಧಿಸಿದ್ದರು. ಅಪೊಸ್ತಲರೂ ಹಿರಿಯರೂ ಕೂತು ಚರ್ಚೆ ಮಾಡಿದರು. ನಮ್ಮ ಪಿತೃಗಳಾಗಲಿ ನಾವಾಗಲಿ ಹೊರಲಾರದ ನೊಗವನ್ನು ಇವರ ಹೆಗಲಿಗೆ ಯಾಕೆ ಹಾಕುತ್ತೀರಿ ಎಂದು ಪೇತ್ರನೇ ಎದ್ದು ಕೇಳಿದ. ಕೊನೆಗೆ ಅವರು ಒಂದು ಪತ್ರ ಬರೆದರು. ನಮ್ಮ ಕಡೆಯಿಂದ ಬಂದ ಕೆಲವರು ನಿಮ್ಮ ಮನಸ್ಸನ್ನು ಕಲಕಿದ್ದಾರೆಂದು ಕೇಳಿದೆವು, ಅವರಿಗೆ ನಾವು ಅಪ್ಪಣೆ ಕೊಟ್ಟಿರಲಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದರು. ಪತ್ರವನ್ನು ಬರೀ ಕಳಿಸಿ ಕೈತೊಳೆದುಕೊಳ್ಳಲಿಲ್ಲ. ಬಾರ್ಸಬನೆನಿಸಿಕೊಳ್ಳುವ ಯೂದನನ್ನೂ ಸೀಲನನ್ನೂ ಜೊತೆಗೆ ಕಳಿಸಿದರು. ಜನ ಅದನ್ನು ಓದಿ ಸಮಾಧಾನಪಟ್ಟು ಸಂತೋಷಪಟ್ಟರು ಎಂದಿದೆ. ಹಿರಿಯರ ಒಂದು ಪತ್ರಕ್ಕೆ ಅಷ್ಟು ಶಕ್ತಿ ಇತ್ತು. ಅಂಥ ಒಂದು ಪತ್ರವನ್ನು ನೀವು ಬೇರೆ ಬೇರೆ ಸಭೆಗಳವರು ಒಟ್ಟಿಗೆ ಕೂತು ಬರೆಯಿರಿ. ಒಂದು ಪುಟ ಸಾಕು. ಪ್ರಾರ್ಥನೆಗಾಗಿ ಯಾರೂ ಔಷಧಿ ನಿಲ್ಲಿಸಬೇಕಾಗಿಲ್ಲ, ನಿಲ್ಲಿಸಿ ಎನ್ನುವವರನ್ನು ನಾವು ಕಳಿಸಿಲ್ಲ ಎಂದು ಬರೆಯಿರಿ. ಓಲೆ, ಸೀರೆ, ಊಟ ಯಾವುದೂ ರಕ್ಷಣೆಗೆ ಷರತ್ತಲ್ಲ ಎಂದು ಬರೆಯಿರಿ. ಯಾರ ಕಾಣಿಕೆಯನ್ನೂ ಹೆಸರು ಹಿಡಿದು ಓದಬಾರದು ಎಂದು ಬರೆಯಿರಿ. ಅದನ್ನು ಭಾನುವಾರ ಪೀಠದಿಂದ ಓದಿ, ಆಮೇಲೆ ಗಾಯಗೊಂಡವರ ಮನೆಗೆ ಇಬ್ಬಿಬ್ಬರಾಗಿ ಹೋಗಿ.

ಆ ಪತ್ರ ಬರುವ ಮೊದಲು ನಮ್ಮ ನಿಯಮಾವಳಿಯಿಂದ ಚಂದಾ ಬಾಕಿಗೆ ಸಮಾಧಿ ತಡೆಯುವ ಸಾಲನ್ನು ಹೊಡೆದುಹಾಕಿ. ಇದಕ್ಕೆ ಚರ್ಚೆ ಬೇಕೆಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಕೋರಿಕೆ ಓದಿನದು. ಗಲಾತ್ಯದವರ ಪತ್ರದಲ್ಲಿರುವುದು ಬರೀ ಆರು ಅಧ್ಯಾಯ. ಗಟ್ಟಿಯಾಗಿ ಓದಿದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಒಂದು ಭಾನುವಾರ ಪ್ರಸಂಗ ಬಿಟ್ಟು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಕಷ್ಟಪಟ್ಟು, 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಸಿಗುವಂತಾಯಿತು. ನಮ್ಮ ಕೈಗೆ ಅದು ಬಂದದ್ದು ಬೋಧಕರು ಆರಿಸಿಕೊಟ್ಟ ಎರಡು ವಚನ ನಂಬಲಿ ಎಂದಲ್ಲ. ಬೆರೋಯ ಪಟ್ಟಣದವರು ಪೌಲ ಹೇಳಿದ್ದನ್ನೂ ಹೌದೋ ಅಲ್ಲವೋ ಎಂದು ದಿನಾ ಶಾಸ್ತ್ರ ತೆಗೆದು ನೋಡುತ್ತಿದ್ದರು. ಅದಕ್ಕೆ ಅವರನ್ನು ಹೊಗಳಲಾಗಿದೆ. ನಮ್ಮಲ್ಲಿ ಒಬ್ಬ ಹೆಣ್ಣುಮಗಳು ಎದ್ದು, ಇದು ಎಲ್ಲಿ ಬರೆದಿದೆ ಎಂದು ಕೇಳಿದರೆ ಅವಳನ್ನು ದೇವಸೇವಕರ ವಿರೋಧಿ ಎನ್ನುತ್ತಾರೆ. ಕೇಳುವುದನ್ನು ಕಲಿಸಿ. ಕೇಳಿದವರ ಪಕ್ಕದಲ್ಲಿ ನಿಲ್ಲಿ.

ನನ್ನ ತಂಗಿ ಈಗ ನನ್ನ ಮನೆಯಲ್ಲಿದ್ದಾಳೆ. ಮಾತ್ರೆ ಮತ್ತೆ ಶುರುವಾಗಿದೆ. ಬೆಳಿಗ್ಗೆ ವಾಕರ್ ಹಿಡಿದು ಅಂಗಳದಲ್ಲಿ ಹತ್ತು ಸುತ್ತು ನಡೆಯುತ್ತಾಳೆ. ಓಲೆಯನ್ನು ಅವಳು ಇನ್ನೂ ಹಾಕಿಕೊಂಡಿಲ್ಲ, ನಾನೂ ಹಾಕಿಕೋ ಎಂದು ಹೇಳಿಲ್ಲ. ಅದು ಅವಳಿಗೆ ಬಿಟ್ಟದ್ದು. ಊಟಕ್ಕೆ ಮಾತ್ರ ನಮ್ಮ ಜೊತೆ ಕೂರುತ್ತಾಳೆ.

ನಿಮ್ಮಲ್ಲಿ ಯಾರಾದರೂ ಒಬ್ಬರು ಬನ್ನಿ. ಅವಳು ರಾತ್ರಿ ಕೇಳುವ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಹೇಳಿದರೂ, ನೀನು ಅಕ್ಕ, ನೀನು ಹಾಗೇ ಹೇಳುತ್ತೀಯಾ ಎನ್ನುತ್ತಾಳೆ. ಅವಳಿಗೆ ಹಿರಿಯರ ಬಾಯಿಂದ ಕೇಳಬೇಕಾಗಿದೆ. ಗಲಾತ್ಯದವರ 4ನೆಯ ಅಧ್ಯಾಯದ ಆ ಕಾಯಿಲೆಯ ಮಾತನ್ನು ಅವಳ ಎದುರು ಕೂತು ಓದಿ ಹೇಳಿ. ಶನಿವಾರ ಬಂದರೆ ಒಳ್ಳೆಯದು, ಅವತ್ತು ಪಕ್ಕದ ಮನೆಯವರೂ ಇರುತ್ತಾರೆ. ಮಧ್ಯಾಹ್ನ ಊಟಕ್ಕೆ ನಿಲ್ಲಿ.

ಇಂತಿ,
ಕರ್ತನಲ್ಲಿ ನಿಮ್ಮ ಸಹೋದರಿ,
ಬೆಟಗೇರಿಯ ಒಬ್ಬ ಸಭಾ ಸದಸ್ಯೆ